ತೂಫಾನನ ವಯಸ್ಸಿಗೆ ಸಾಕ್ಷಿ

ಮನೆಯಲ್ಲಿ ತಾನಾಗಿಯೇ ಏನಾದರೂ ಒಳ್ಳೆಯದಾದರೆ ಅದಕ್ಕೆ ತಾನೇ ಕಾರಣ ಎಂದು ನಂಬಿಬಿಡುವ ಗಂಡಸರ ಪೈಕಿ ನಾನೂ ಒಬ್ಬ. ಮಗಳು ಪಾಸಾದರೆ ಅದು ನನ್ನ ಶಿಸ್ತು, ನಪಾಸಾದರೆ ಅವಳ ಅವ್ವನ ಮುದ್ದು. ಅಂಗಳದ ಕರಿಬೇವು ಚಿಗುರಿದರೆ ನನ್ನ ಕೈಗುಣ. ಅದಕ್ಕೆ ದಿನಾ ನೀರು ಹಾಕುವವಳು ಹೆಂಡತಿ ಸುವರ್ಣಾ ಎಂಬುದು ನನಗೆ ನೆನಪಾಗುವುದೇ ಇಲ್ಲ. ಹೀಗಿರುವಾಗ ನಮ್ಮ ನಾಯಿ ತೂಫಾನ ಹತ್ತೊಂಬತ್ತು ವರ್ಷ ಬದುಕಿದೆ ಎಂಬ ಸುದ್ದಿ ಊರಿಗೆ ಗೊತ್ತಾದಾಗ ಅದರ ಕೀರ್ತಿಯನ್ನು ನಾನು ಹಿಂದೆಮುಂದೆ ನೋಡದೆ ಹೆಗಲಿಗೇರಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ನನ್ನದು ಬನಹಟ್ಟಿಯಲ್ಲಿ ಸಣ್ಣದೊಂದು ಪವರ್‌ಲೂಮ್ ಶೆಡ್ಡು. ಮಗಳು ಹುಟ್ಟುವ ಕೆಲವೇ ದಿನ ಮುಂಚೆ ಮುಧೋಳದ ಕಡೆಯ ಹಳ್ಳಿಯೊಂದರಿಂದ ತೂಫಾನನನ್ನು ತಂದಿದ್ದೆ. ಮುಧೋಳ ನಾಯಿ ಅಂದರೆ ಗೊತ್ತಲ್ಲ, ಸಪೂರ ಸೊಂಟ, ಉದ್ದ ಕಾಲು, ಬಯಲಿನಲ್ಲಿ ಮೊಲದ ಬೆನ್ನು ಹತ್ತುವ ಜಾತಿ. ಬನಹಟ್ಟಿಯ ಓಣಿಯಲ್ಲಿ ಮೊಲಗಳಿಲ್ಲ, ಆಟೋಗಳಿವೆ. ಹತ್ತು ವರ್ಷ ಅದು ಆಟೋಗಳನ್ನೇ ಅಟ್ಟಿಸಿಕೊಂಡು ಹೋಯಿತು. ಆಮೇಲೆ ಆಟೋಗಳೇ ಅದರ ಸುತ್ತ ಬಳಸಿಕೊಂಡು ಹೋಗತೊಡಗಿದವು. ಈಗ ತೂಫಾನನಿಗೆ ಪಡಸಾಲೆಯಿಂದ ಅಂಗಳದ ನೀರಿನ ಬೋಗುಣಿಗೆ ಹೋಗಲು ಕಾಲು ಗಂಟೆ ಬೇಕು. ನಡುವೆ ಎರಡು ಸಲ ನಿಂತು, ತಾನು ಯಾಕೆ ಹೊರಟಿದ್ದೆ ಎಂದು ಯೋಚಿಸುತ್ತದೆ. ನಾನೂ ಪೇಟೆಯಲ್ಲಿ ಹಾಗೆ ನಿಲ್ಲುವುದುಂಟು, ಆದರೆ ನನಗೆ ಯಾರೂ ನೀರು ತಂದು ಕೊಡುವುದಿಲ್ಲ.

ಗೋಜು ಶುರುವಾದದ್ದು ಲಸಿಕೆ ಹಾಕಲು ಬಂದ ಪಶುವೈದ್ಯರಿಂದ. ಅವರು ಹೊಸದಾಗಿ ಬಂದವರು, ಎಲ್ಲವನ್ನೂ ಬರೆದುಕೊಳ್ಳುವ ಹುರುಪಿನವರು.

“ವಯಸ್ಸೆಷ್ಟ್ರಿ ಇದಕ್ಕ?”

“ಹತ್ತೊಂಬತ್ತ್ರಿ.”

“ತಿಂಗಳೇನ್ರಿ?”

“ವರ್ಷಾರೀ ಡಾಕ್ಟ್ರ.”

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಈ ಜಾತಿ ಹನ್ನೆರಡು, ಹದಿನಾಕು ಅಂದ್ರ ಮುಗೀತ್ರಿ. ಹತ್ತೊಂಬತ್ತು? ಏನ್ ತಿನ್ನಸ್ತೀರಿ?”

ಇಪ್ಪತ್ತು ವರ್ಷಗಳ ಸಂಸಾರದಲ್ಲಿ ನಾನು ಆ ನಾಯಿಗೆ ಒಂದು ತುತ್ತು ಹಾಕಿದವನಲ್ಲ. ಆದರೂ ಪ್ರಶ್ನೆ ನನ್ನನ್ನು ಕೇಳಿದ್ದರು. “ಬೆಳಿಗ್ಗೆ ಜ್ವಾಳದ ಅಂಬಲಿ, ಮಧ್ಯಾಹ್ನ ಮಜ್ಜಿಗಿ, ಸಂಜೀಕ ರೊಟ್ಟಿ. ಸಿಹಿ ಮುಟ್ಟಸೂದಿಲ್ರಿ. ಮುಖ್ಯ ಅಂದ್ರ ಶಿಸ್ತು. ನಾ ಹೇಳಿದ ಮಾತ ಮೀರೂದಿಲ್ರಿ ಅದು,” ಎಂದೆ.

ಒಳಗಿನಿಂದ ಸುವರ್ಣಾ ಹೇಳಿದಳು: “ಆರು ವರ್ಷಾತು, ಅದಕ್ಕ ಕಿವಿ ಕೇಳಸೂದಿಲ್ರಿ ಡಾಕ್ಟ್ರ. ಬಹುಶಃ ಅದಕ್ಕ ಇಷ್ಟ ದಿನಾ ಬದುಕೇತಿ.”

ಡಾಕ್ಟರ್ ನಕ್ಕರು. ಆದರೆ ಹೊರಗೆ ಹೋಗಿ ಅವರು ಹೇಳಿದ್ದು ನನ್ನ ಅಂಬಲಿಯ ಕಥೆಯನ್ನು. ವಾರದೊಳಗೆ ಮನೆಗೆ ಜನ ಬರತೊಡಗಿದರು. ರಬಕವಿಯ ಸೀರೆ ವ್ಯಾಪಾರಿಯೊಬ್ಬರು ಬಂದರು, ಮೊಣಕಾಲು ನೋವಂತೆ. ಅವರ ತೂಕ ನೋಡಿದರೆ ಮೊಣಕಾಲಿನದೇನೂ ತಪ್ಪಿರಲಿಲ್ಲ. ನಾನು ಅಂಬಲಿ ಹೇಳಿದೆ. ಎಂಟು ದಿನ ಕುಡಿದು, ನೆಗಡಿ ಹಿಡಿದು ಮಲಗಿದರು. “ನಾಯಿಗೆ ನೆಗಡಿ ಆಗಿಲ್ಲೇನು?” ಎಂದು ಫೋನ್ ಮಾಡಿದರು. “ಶಿಸ್ತು ಕಡಿಮಿ ಆಗಿರಬೇಕು ನೋಡ್ರಿ,” ಎಂದೆ. ಬೀಳಗಿಯಿಂದ ಬಂದ ಒಬ್ಬ ನಿವೃತ್ತ ಮಾಸ್ತರರು ನಾನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೊನೆಗೆ ಸಹಿಯನ್ನೂ ಹಾಕಿಸಿಕೊಂಡರು. ಇವೆಲ್ಲ ನಡೆಯುವಾಗ ತೂಫಾನ ಬಾಗಿಲ ಬಳಿ ಸುವರ್ಣಾ ಹಾಲಿನಲ್ಲಿ ನೆನೆಸಿ ಕೊಟ್ಟ ಹೋಳಿಗೆಯ ಚೂರನ್ನು ವಸಡಿನಲ್ಲೇ ಅರೆಯುತ್ತಿತ್ತು. ನಾನು ಅದಕ್ಕೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಜಮಖಂಡಿಯ ಪ್ರಾಣಿಪ್ರಿಯರ ಕೂಟವೊಂದು ‘ಸೀಮೆಯ ಅತಿ ಹಿರಿಯ ನಾಯಿ’ಗೆ ಸತ್ಕಾರ ಮಾಡುವುದೆಂದು ನಿಶ್ಚಯಿಸಿತು. ನಮ್ಮಲ್ಲಿ ಸತ್ಕಾರಕ್ಕೆ ಶಾಲು, ಹಾರ ಯಾವಾಗಲೂ ಸಿದ್ಧವಿರುತ್ತವೆ, ಸಿಗದಿರುವುದು ಮನುಷ್ಯರು. ಮನುಷ್ಯರೆಲ್ಲ ಎರಡೆರಡು ಸಲ ಸತ್ಕಾರ ಮಾಡಿಸಿಕೊಂಡು ಮುಗಿದಿದ್ದರಿಂದ ಪಾಳಿ ನಾಯಿಗಳಿಗೆ ಬಂದಿತ್ತು. ನಾನು ಒಪ್ಪಿಕೊಂಡ ಮೇಲೆ ಗೊತ್ತಾಯಿತು, ಜಮಖಂಡಿಯಲ್ಲೇ ಇನ್ನೊಬ್ಬ ಅಭ್ಯರ್ಥಿ ಇದ್ದಾನೆ. ನಿವೃತ್ತ ವಕೀಲ ನಾನಾಸಾಹೇಬರ ವಿಪ್ಪೆಟ್. ವಿಪ್ಪೆಟ್ ಅಂದರೆ ವಿಲಾಯತಿಯ ಓಟದ ನಾಯಿ. ನೋಡಲು ನಮ್ಮ ಮುಧೋಳ ನಾಯಿಯ ಗಿಡ್ಡ ತಮ್ಮನ ಹಾಗೆ. ಹೆಸರು ಡ್ಯೂಕ್. ಅದನ್ನು ಪುಣೆಯಿಂದ ತಂದಿದ್ದರು. ಅದಕ್ಕೆ ಜನನ ಪತ್ರವಿತ್ತು, ತಂದೆತಾಯಿಯ ಹೆಸರಿತ್ತು, ಅಜ್ಜನ ಹೆಸರೂ ಇತ್ತು. ನನ್ನ ಅಜ್ಜನ ಜನನ ಪತ್ರವೇ ನಮ್ಮಲ್ಲಿಲ್ಲ.

“ಈ ಬಿಸಲಾಗ ಅದನ್ನ ಕರಕೊಂಡು ಹೋಗೂದ ಬ್ಯಾಡ್ರಿ. ಅದಕ್ಕ ಶಾಲು ಯಾಕ ಬೇಕು?” ಎಂದಳು ಸುವರ್ಣಾ.

“ಬನಹಟ್ಟಿ ಮರ್ಯಾದಿ ಪ್ರಶ್ನೆ ಐತಿ,” ಎಂದೆ. ಬನಹಟ್ಟಿ ನನ್ನನ್ನು ಕೇಳಿರಲಿಲ್ಲ.

ಕೊನೆಗೆ ಗಾಡಿ ಗೊತ್ತುಮಾಡಿ, ಸುವರ್ಣಾಳ ತೊಡೆಯ ಮೇಲೆ ಕೌದಿ ಹಾಸಿ, ಅದರ ಮೇಲೆ ತೂಫಾನನನ್ನು ಮಲಗಿಸಿಕೊಂಡು ಜಮಖಂಡಿಗೆ ಹೋದೆವು. ಸಭಾಭವನದ ವೇದಿಕೆಯ ಮೇಲೆ ನಾನಾಸಾಹೇಬರು ಮೊದಲೇ ಬಂದು ಕೂತಿದ್ದರು, ಪಕ್ಕದಲ್ಲಿ ಡ್ಯೂಕ್. ಎರಡು ನಾಯಿಗಳೂ ಒಂದನ್ನೊಂದು ಮೂಸಿ ನೋಡಿದವು, ಬಾಲವನ್ನು ಒಂದೊಂದು ಸಲ ಆಡಿಸಿದವು, ಮತ್ತು ಒಂದೇ ಕೌದಿಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಮಲಗಿಬಿಟ್ಟವು. ಮಾಲೀಕರು ಮಾತ್ರ ಜಗಳಕ್ಕೆ ನಿಂತೆವು.

“ನಮ್ಮ ಡ್ಯೂಕಗ ಹದಿನೆಂಟು ವರ್ಷ ನಾಕು ತಿಂಗಳ ಆಗ್ಯದ. ಕಾಗದ ಅದ. ನಿಮ್ಮ ಕಡೆ ಏನದ?” ಎಂದರು ವಕೀಲರು.

“ನನ್ನ ಮಾತೈತ್ರಿ.”

“ಕೋರ್ಟಿನಾಗ ಮಾತು ನಡಿಯೂದಿಲ್ಲ ಸಾವಕಾರ್ರ.”

ಹಲ್ಲು ನೋಡಿ ವಯಸ್ಸು ನಿರ್ಧರಿಸಬೇಕೆಂದು ಕೂಟದವರು ನಮ್ಮ ಪಶುವೈದ್ಯರನ್ನು ಕರೆದರು. ಅವರು ಎರಡರ ಬಾಯನ್ನೂ ತೆರೆದು ನೋಡಿ ಎದ್ದು ನಿಂತರು. “ಹಲ್ಲು ನೋಡಿ ಹೇಳೂದ ಖರೇರಿ. ಹಲ್ಲ ಇದ್ರ ಹೇಳಬಹುದಿತ್ತು!”

ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದದ್ದರಿಂದ ವಾದ ನಿಂತಿತು, ಭಾಷಣ ಶುರುವಾಯಿತು. ಅತಿಥಿಗಳು ನಾಯಿಯ ನಿಷ್ಠೆಯಿಂದ ಆರಂಭಿಸಿ, ದೇಶದ ಯುವಜನತೆಗೆ ಬಂದು, ಅಲ್ಲಿಂದ ನೀರಾವರಿಗೆ ಇಳಿದು ತುಬಚಿ ಏತ ನೀರಾವರಿ ಯೋಜನೆಯ ಹತ್ತಿರ ಬಹಳ ಹೊತ್ತು ನಿಂತರು. ವೇದಿಕೆಯ ಮೇಲಿನ ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಮಾಡುತ್ತಿತ್ತು. ಸಭೆಯಲ್ಲಿದ್ದ ಹಿರಿಯರೆಲ್ಲ ನಿದ್ದೆಹೋಗಿದ್ದರು. ನಾಯಿಗಳೂ ನಿದ್ದೆಹೋಗಿವೆ ಎಂದುಕೊಂಡಿದ್ದೆ.

ಇದ್ದಕ್ಕಿದ್ದಂತೆ ಸುವರ್ಣಾ, “ರೀ, ತೂಫಾನ ಉಸರಾಡವಲ್ದು,” ಎಂದಳು.

ನೋಡಿದೆ. ನಾಲ್ಕು ಕಾಲನ್ನೂ ಚೆಲ್ಲಿ ಬಿದ್ದಿತ್ತು. ಕಣ್ಣು ಅರೆ ಮುಚ್ಚಿತ್ತು. ಹೊಟ್ಟೆ ಏಳುತ್ತಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ನನ್ನ ಅಂಬಲಿ, ಶಿಸ್ತು, ಬನಹಟ್ಟಿಯ ಮರ್ಯಾದೆ ಎಲ್ಲ ಒಂದೇ ಕ್ಷಣದಲ್ಲಿ ಎಲ್ಲಿ ಹೋದವೋ! ವೇದಿಕೆಯ ಮೇಲೆ ಮೊಣಕಾಲೂರಿ ಕೂತೆ. ಹೆಸರು ಹಿಡಿದು ಕೂಗಿದೆ, ಅದು ಕಿವುಡು ಎಂಬುದನ್ನೂ ಮರೆತು. ಭಾಷಣ ನಿಂತಿತು; ಅದನ್ನು ನಿಲ್ಲಿಸಿದ್ದು ಆ ದಿನ ನಮ್ಮ ನಾಯಿ ಸಮಾಜಕ್ಕೆ ಮಾಡಿದ ಸೇವೆ ಎಂದು ಆಮೇಲೆ ಹಲವರು ಹೇಳಿದರು. ನಾನಾಸಾಹೇಬರು ತಮ್ಮ ಡ್ಯೂಕ್‌ಗೆಂದು ತಂದಿದ್ದ ತಂಪು ನೀರಿನ ಬಾಟಲಿಯನ್ನು ತಾವೇ ಬಿಚ್ಚಿ ಕೊಟ್ಟರು. ಸುವರ್ಣಾ ಸೆರಗು ತೋಯಿಸಿ ಅದರ ಬಾಯಿ, ಕಿವಿ, ಅಂಗಾಲು ಒರೆಸಿದಳು. ಡಾಕ್ಟರ್ ಎದೆಯ ಮೇಲೆ ಕೈಯಿಟ್ಟು ಕೂತರು. ಎಷ್ಟು ಹೊತ್ತಾಯಿತೋ ತಿಳಿಯದು. ತೂಫಾನ ಒಂದು ಕಣ್ಣು ತೆರೆಯಿತು. ಸುವರ್ಣಾಳ ಬೆರಳು ನೆಕ್ಕಿತು. ನನ್ನ ಕಡೆ ನೋಡಿತು, ಯಾರೋ ಪರಿಚಯದವರಿರಬೇಕು ಎನ್ನುವಷ್ಟು ಸೌಜನ್ಯದಿಂದ.

“ಸೆಕಿ ಆಗೇತ್ರಿ, ಅಷ್ಟ. ಭಾಷಣ ಸಾಕ ಮಾಡ್ರಿ, ಲಗೂನ ಮುಗಸ್ರಿ,” ಎಂದರು ಡಾಕ್ಟರ್.

ನಾನು ಆಗಲೇ ಎದ್ದು ಮನೆಗೆ ಹೊರಡಬೇಕಿತ್ತು. ಹೊರಡಲೂ ಎದ್ದಿದ್ದೆ. ಆದರೆ ಜೇಬಿನಲ್ಲಿ ಕೈಯಾಡಿಸಿದಾಗ, ಜಗಳದ ಬಿಸಿಯಲ್ಲಿ ಮರೆತೇಹೋಗಿದ್ದ ಫೋಟೋ ಸಿಕ್ಕಿತು. ಮಗಳ ತೊಟ್ಟಿಲ ಕಾರ್ಯಕ್ರಮದ ಫೋಟೋ: ತೊಟ್ಟಿಲು, ಪಕ್ಕದಲ್ಲಿ ನಾನು, ನನ್ನ ಕೈಯಲ್ಲಿ ಎರಡು ತಿಂಗಳ ತೂಫಾನ. ಜೊತೆಗೆ ತಾರೀಖಿನ ಆಧಾರಕ್ಕೆಂದು ಮಗಳ ಜನನ ಪ್ರಮಾಣಪತ್ರ. ಇಷ್ಟು ತಂದು ತೋರಿಸದೆ ಹೋಗುವುದು ಹೇಗೆ?

ಕೂಟದ ಐದು ಮಂದಿ ಕನ್ನಡಕ ಏರಿಸಿ ಫೋಟೋದ ಮೇಲೆ ಬಾಗಿದರು. ನಾನಾಸಾಹೇಬರೂ ಬಾಗಿದರು. ಮರಿಯ ಎಡಗಿವಿಯ ತುದಿಯನ್ನು ಬೆಕ್ಕು ಕಿತ್ತಿತ್ತು. ಆ ಗುರುತು ಇಂದಿಗೂ ಹಾಗೇ ಇದೆ. ಎದೆಯ ಮೇಲಿನ ಬಿಳಿ ಮಚ್ಚೆಯೂ ಅದೇ.

“ನಾಯಿ ಅದೇ ಅದ. ಸಂಶಯ ಇಲ್ಲ,” ಎಂದು ನಾನಾಸಾಹೇಬರು ಒಪ್ಪಿದರು. ಆಮೇಲೆ ಫೋಟೋವನ್ನು ಬೆಳಕಿಗೆ ಹಿಡಿದರು. “ಆದ್ರ ಈ ಹಿಡಕೊಂಡ ನಿಂತಾವ ಯಾರು?”

“ನಾನರೀ.”

ಎಲ್ಲರೂ ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಅದರಲ್ಲಿ ತಲೆತುಂಬ ಕೂದಲಿದ್ದ, ಬೆತ್ತದಂತಿದ್ದ ತರುಣನೊಬ್ಬ ನಗುತ್ತಿದ್ದ.

“ಇಲ್ಲ ಬಿಡ್ರಿ,” ಎಂದರು ಕೂಟದ ಅಧ್ಯಕ್ಷರು. “ನಿಮ್ಮ ತಮ್ಮ ಇರಬೇಕು.”

“ನನಗ ತಮ್ಮನ ಇಲ್ರಿ!”

ಹತ್ತೊಂಬತ್ತು ವರ್ಷಗಳಲ್ಲಿ ನಾಯಿ ನಾಯಿಯಾಗಿಯೇ ಉಳಿದಿತ್ತು. ನಾನು ಮಾತ್ರ ಸಾಕ್ಷಿಗೆ ಸಿಗದಷ್ಟು ಬದಲಾಗಿದ್ದೆ. ಕೊನೆಗೆ ಸುವರ್ಣಾ ಮುಂದೆ ಬಂದು, “ಇವರ ಅದಾರ್ರಿ. ನನಗೂ ಒಮ್ಮೊಮ್ಮೆ ನಂಬಾಕ ಆಗೂದಿಲ್ಲ,” ಎಂದು ಹೇಳಿಕೆ ಕೊಟ್ಟ ಮೇಲೆ ನನ್ನ ಗುರುತು ಅಂಗೀಕಾರವಾಯಿತು. ತೂಫಾನ ಗೆದ್ದಿತು. ಶಾಲು ಹೊದಿಸಿದರು. ಸೆಕೆಗೆ ಅದನ್ನು ಕಾಲಿಂದ ಸರಿಸಿ, ಡ್ಯೂಕ್‌ನ ಮೇಲೆ ತಲೆಯಿಟ್ಟು ಮಲಗಿತು. ಹೊರಡುವಾಗ ನಾನಾಸಾಹೇಬರು, “ಇನ್ನೊಮ್ಮೆ ಕರಕೊಂಡ ಬರ್ರಿ. ಸತ್ಕಾರಕ್ಕ ಅಲ್ಲ, ಸುಮ್ಮನ. ಇವಕ್ಕ ತಮ್ಮ ವಯಸ್ಸಿನವರು ಎಲ್ಲಿ ಸಿಗತಾರ?” ಎಂದರು. ಇನ್ನು ಮೇಲೆ ಈ ನಾಯಿಯ ಹೆಸರಲ್ಲಿ ಒಂದು ಸುಳ್ಳನ್ನೂ ಹೇಳಬಾರದೆಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೆ.

ಮರುದಿನ ಸ್ಥಳೀಯ ಪತ್ರಿಕೆಯಲ್ಲಿ ಫೋಟೋ ಬಂತು. ಕೆಳಗೆ ಬರೆದಿದ್ದರು: ‘ದೀರ್ಘಾಯುಷಿ ಶ್ವಾನ ಹಾಗೂ ಅದರ ವಯೋವೃದ್ಧ ಮಾಲೀಕರು.’ ನನಗೆ ಐವತ್ಮೂರು. ಪತ್ರಿಕೆಯವರನ್ನು ಬೈಯಬೇಕೆಂದು ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಅದೇ ಬಡಿದುಕೊಂಡಿತು. ಆ ಕಡೆ ಮಹಾಲಿಂಗಪುರದ ಯಾರೋ ಒಬ್ಬರು.

“ಅಜ್ಜಾರ, ಪೇಪರಿನಾಗ ನಿಮ್ಮ ಫೋಟೋ ನೋಡಿದ್ನಿರಿ. ಎಂಬತ್ತರ ಮ್ಯಾಲ ಆಗಿರಬೇಕು, ಆದರೂ ಎಷ್ಟ ಗಟ್ಟಿ ಅದೀರಿ! ಏನರೀ ನಿಮ್ಮ ಆರೋಗ್ಯದ ಗುಟ್ಟು?”

ನನ್ನ ವಯಸ್ಸು ಎಷ್ಟೆಂದು ಹೇಳಲು ಬಾಯಿ ತೆರೆದೆ. ಸುವರ್ಣಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕುರ್ಚಿ ಎಳೆದುಕೊಂಡು ಕೂತು, ಧ್ವನಿಯನ್ನು ಸ್ವಲ್ಪ ನಡುಗಿಸಿಕೊಂಡು ಹೇಳಿದೆ:

“ಏನಿಲ್ಲಪಾ ತಮ್ಮಾ. ಬೆಳಿಗ್ಗೆ ಜ್ವಾಳದ ಅಂಬಲಿ...”