ಕಾಲುಸಂಕಕ್ಕೆ ಕೊಂಬು ಬಂದದ್ದು

ಮುದುಕರು ದಾರಿ ದಾಟುವುದು ಯಾವ ಕಚೇರಿಗೂ ಸಮಸ್ಯೆ ಅಲ್ಲ. ದಾಟಲಾಗುವುದಿಲ್ಲ ಎಂದು ಅವರು ಅರ್ಜಿ ಬರೆದರೆ ಮಾತ್ರ ಸಮಸ್ಯೆ. ಇಂಥದ್ದು ಅಂದೂ ನಡೆಯುತ್ತಿತ್ತು, ಇಂದೂ ನಡೆಯುತ್ತಲೇ ಇದೆ. ನಾನು ಹೇಳುವುದು ಬೋಳಾರದ ನಮ್ಮ ಓಣಿಯ ಕಥೆ, ಊರು ಮದ್ರಾಸಿನಿಂದ ಮೈಸೂರಿಗೆ ಸೇರಿದ ನಂತರದ ವರ್ಷಗಳದ್ದು. ಹಗಲು ನಾನು ವಕೀಲರೊಬ್ಬರ ಆಫೀಸಿನಲ್ಲಿ ಇಂಗ್ಲಿಷ್ ಟೈಪ್ ಮಾಡುತ್ತಿದ್ದೆ. ಸಂಜೆ ಓಣಿಯ ಮುದುಕರಿಗೆ ಕನ್ನಡದಲ್ಲಿ ಅರ್ಜಿ ಬರೆದುಕೊಡುತ್ತಿದ್ದೆ.

ಓಣಿಗೂ ಬಸ್ಸಿನ ರಸ್ತೆಗೂ ನಡುವೆ ಒಂದು ತೋಡು, ಮಳೆನೀರು ಹರಿಯುವ ಹಳ್ಳ. ಅದಕ್ಕೆ ಅಡ್ಡವಾಗಿ ಕಾಲುಸಂಕ, ಅಂದರೆ ಎರಡು ಬದಿಯ ಕಲ್ಲುಕಟ್ಟೆಗಳ ಮೇಲೆ ಮಲಗಿಸಿದ ಮೂರು ಹಲಗೆ. ಒಂದು ಮಳೆಗಾಲದಲ್ಲಿ ಎರಡು ಹಲಗೆ ಕೊಚ್ಚಿಹೋದವು. ಉಳಿದ ಒಂದು ಹಲಗೆ ಗೇಣಗಲ. ನಮ್ಮಂಥವರು ಉಸಿರು ಹಿಡಿದು ದಾಟುತ್ತಿದ್ದೆವು. ನನ್ನ ಅಮ್ಮನಿಗೆ ಅದು ಸಾಧ್ಯವಿರಲಿಲ್ಲ. ಅವರ ಕಾಲಿನಲ್ಲಿ ಮಾಯದ ಹುಣ್ಣು, ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ ಮದ್ದು ಕಟ್ಟಿಸಬೇಕು. ಸುತ್ತಿ ಹೋದರೆ ಒಂದು ಮೈಲು, ಅದೂ ಬದಿಯಲ್ಲಿ ಕಾಲಿಡಲು ಜಾಗವಿಲ್ಲದ ರಸ್ತೆಯಲ್ಲಿ. ಒಮ್ಮೆ ಹಂಚು ತುಂಬಿದ ಲಾರಿ ಅಮ್ಮನ ಸೆರಗನ್ನೇ ಸವರಿಕೊಂಡು ಹೋಯಿತು. ಅಂದಿನಿಂದ ಅಮ್ಮ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟರು, ಹುಣ್ಣು ದೊಡ್ಡದಾಗುತ್ತ ಹೋಯಿತು. ಹಾಗಾಗಿ ಅರ್ಜಿ ಬರೆದೆ.

ಒಂದು ಕೊಂಬು

‘ನಮ್ಮ ಓಣಿಯ ಕಾಲುಸಂಕವನ್ನು ದುರಸ್ತಿ ಮಾಡಿಕೊಡಬೇಕಾಗಿ ಪ್ರಾರ್ಥನೆ’ ಎಂದು ಚೆಂದದ ಅಕ್ಷರದಲ್ಲಿ ಬರೆದು, ಹನ್ನೆರಡು ಮಂದಿ ಮುದುಕರ ಸಹಿ ಮತ್ತು ಹೆಬ್ಬೆಟ್ಟು ಹಾಕಿಸಿ ಕೊಟ್ಟೆ. ಕಚೇರಿಯಲ್ಲಿ ಅರ್ಜಿ ನೋಡುವ ಗುಮಾಸ್ತ ಘಟ್ಟದ ಮೇಲಿನಿಂದ ಹೊಸದಾಗಿ ವರ್ಗವಾಗಿ ಬಂದವರು. ಅವರ ಕಡೆ ಸೇತುವೆಗೆ ಸೇತುವೆ ಅನ್ನುತ್ತಾರೆ, ಸಂಕ ಅನ್ನುವುದನ್ನು ಅವರು ಹುಟ್ಟಿದ ಮೇಲೆ ಕೇಳಿಲ್ಲ. ಪಾಪ, ಕರಾವಳಿಯವನಿಗೆ ಕಾಗುಣಿತ ಬಾರದು ಎಂದುಕೊಂಡು ಕೆಂಪು ಮಸಿಯಲ್ಲಿ ‘ಸ’ಕ್ಕೆ ಒಂದು ಕೊಂಬು ಕೊಟ್ಟು, ಸಂಕವನ್ನು ಸುಂಕ ಮಾಡಿದರು.

ಒಂದೂವರೆ ತಿಂಗಳ ಮೇಲೆ ಉತ್ತರ ಬಂತು. ‘ತಾವು ಪ್ರಸ್ತಾಪಿಸಿರುವ ಕಾಲುಸುಂಕದ ಬಗ್ಗೆ ಪರಿಶೀಲಿಸಲಾಯಿತು. ಕಾಲುನಡಿಗೆಯ ಮೇಲೆ ಯಾವುದೇ ಸುಂಕ ಜಾರಿಯಲ್ಲಿ ಇರುವುದಿಲ್ಲ. ಆದ್ದರಿಂದ ಅದನ್ನು ದುರಸ್ತಿ ಮಾಡುವ ಪ್ರಶ್ನೆ ಉದ್ಭವಿಸುವುದಿಲ್ಲ. ಅರ್ಜಿದಾರರು ನಿರಾತಂಕವಾಗಿ ನಡೆದಾಡಬಹುದು.’

ನನಗೆ ಮೈಯೆಲ್ಲ ಉರಿಯಿತು. ಪಕ್ಕದ ಮನೆಯ ಬ್ಯಾರಿ ಮುದುಕಿಗೆ, ಓಣಿಗೆಲ್ಲ ಅವರು ಉಮ್ಮ, ಕಾಗದವನ್ನು ಓದಿ ಹೇಳಿದೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಸಮಾಧಾನದಲ್ಲಿ ಹೇಳಿದರು: “ನಡೆಯಲಿಕ್ಕೆ ಅಪ್ಪಣೆ ಆಯಿತಲ್ಲ ಮಗಾ, ಇನ್ನು ಕಾಲಡಿಗೆ ಎಂತದಾದರೂ ಸಿಕ್ಕಿದರೆ ನಡೆದೇ ಬಿಡ್ತೇವೆ.”

ಮೆಟ್ಟಿಲು

ಎರಡನೆಯ ಅರ್ಜಿಯಲ್ಲಿ ‘ಸಂಕ ಎಂದರೆ ಸೇತುವೆ’ ಎಂದು ಅರ್ಥವನ್ನೂ ಬರೆದೆ. ಈ ಸಲ ವಿಚಾರಣೆಗೆ ಕರೆ ಬಂತು. ಅರ್ಜಿದಾರರೆಲ್ಲ ಖುದ್ದು ಹಾಜರಾಗಬೇಕು, ಅವರು ವೃದ್ಧರು ಹೌದೋ ಅಲ್ಲವೋ ಎಂದು ನೋಡಬೇಕಂತೆ.

ವಿಚಾರಣೆ ಮಾಳಿಗೆಯ ಮೇಲೆ. ಮರದ ಮೆಟ್ಟಿಲು ಇಪ್ಪತ್ತೆರಡು, ಹಿಡಿದುಕೊಳ್ಳಲು ಒಂದು ಹಗ್ಗವೂ ಇಲ್ಲ. ಬಾಡಿಗೆ ಗಾಡಿಯಲ್ಲಿ ಸುತ್ತು ಹಾಕಿಸಿ ಕರೆತಂದ ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ ಕೆಳಗೆ ಜಗಲಿಯಲ್ಲೇ ಕುಳಿತರು. ಉಮ್ಮ ಒಂದೊಂದೇ ಮೆಟ್ಟಿಲಿಗೆ ಕೈ ಊರಿ ಹತ್ತಿದರು. ನಮ್ಮ ಓಣಿಯ ನಿವೃತ್ತ ಶಾಲಾ ಮಾಸ್ಟ್ರನ್ನು ನಾನು ಹಿಂದಿನಿಂದ ದೂಡಿ ಹತ್ತಿಸಿದೆ. ಮೇಲೆ ಮುಟ್ಟಿದಾಗ ಮಾಸ್ಟ್ರಿಗೆ ತಮ್ಮ ಹೆಸರು ಹೇಳುವಷ್ಟು ಉಸಿರೂ ಉಳಿದಿರಲಿಲ್ಲ.

ಸಾಹೇಬರು ಕನ್ನಡಕ ಏರಿಸಿ ಕೇಳಿದರು: “ಬಾಕಿ ಹತ್ತು ಜನ ಎಲ್ಲಿ?”

“ಕೆಳಗೆ ಇದ್ದಾರೆ ಸರ್. ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ,” ಎಂದೆ.

“ಹಾಗಾದರೆ ಗೈರುಹಾಜರು,” ಎಂದು ಹತ್ತು ಹೆಸರು ಹೊಡೆದುಹಾಕಿದರು. ಆಮೇಲೆ ಉಮ್ಮನನ್ನೂ ಮಾಸ್ಟ್ರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, “ನೀವಿಬ್ಬರು ಈ ಮೆಟ್ಟಿಲು ಹತ್ತಿದ್ದೀರಿ. ಇಷ್ಟು ಗಟ್ಟಿಮುಟ್ಟಾಗಿ ಇರುವವರಿಗೆ ಸೇತುವೆ ಯಾಕೆ?” ಎಂದು ಆ ಎರಡು ಹೆಸರನ್ನೂ ಹೊಡೆದುಹಾಕಿದರು.

ನಾವು ಇಳಿದು ಬಂದೆವು. ಮಾಸ್ಟ್ರು ಕೊನೆಯ ಮೆಟ್ಟಿಲಲ್ಲಿ ಕುಳಿತು ಉಸಿರು ಸರಿಮಾಡಿಕೊಂಡು ಹೇಳಿದರು: “ನಲವತ್ತು ವರ್ಷ ಪಾಠ ಮಾಡಿದ್ದೇನೆ. ಬಂದರೂ ಫೇಲು, ಬಾರದಿದ್ದರೂ ಫೇಲು, ಇಂಥ ಪರೀಕ್ಷೆ ನಾನೂ ಮಾಡಿದವನಲ್ಲ.”

ಕುರ್ಚಿ

ಅಷ್ಟರಲ್ಲಿ ಚುನಾವಣೆ ಬಂತು. ಓಟಿಗೆ ನಿಂತವರೊಬ್ಬರು ಅಮ್ಮನ ಕಾಲು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಅಮ್ಮ, “ನನ್ನ ಕಾಲಿಗೆ ಅಳುವುದು ಬೇಡ, ಸಂಕಕ್ಕೆ ಹಲಗೆ ಹಾಕಿಸಿ ಸಾಕು. ಓಟಿನ ಶಾಲೆ ಕೂಡ ತೋಡಿನ ಆಚೆಯೇ ಉಂಟು,” ಎಂದರು.

ಓಟಿನ ಬೆಳಿಗ್ಗೆ ನಾಲ್ಕು ಕುರ್ಚಿ, ಎಂಟು ಮಂದಿ ಗಟ್ಟಿಯಾಳುಗಳು ಬಂದರು. ಮೊಣಕಾಲುದ್ದದ ಕೆಸರಿಗೆ ಇಳಿದು ನಮ್ಮ ಓಣಿಯ ಅಷ್ಟೂ ಮುದುಕರನ್ನು ದೇವರ ಹಾಗೆ ಹೊತ್ತು ದಾಟಿಸಿದರು. ದಾರಿಯಲ್ಲಿ ಶರಬತ್ತು ಬೇರೆ. ಇಷ್ಟು ಮರ್ಯಾದೆ ತನಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ ಎಂದು ಅಮ್ಮ ನಗುತ್ತಿದ್ದರು.

ಓಟು ಹಾಕಿ ಹೊರಗೆ ಬಂದರೆ ಕುರ್ಚಿಯೂ ಇಲ್ಲ, ಆಳೂ ಇಲ್ಲ. ಹನ್ನೆರಡು ಮುದುಕರು ಶಾಲೆಯ ಜಗಲಿಯಲ್ಲಿ ಮಧ್ಯಾಹ್ನದ ತನಕ ಹಸಿದು ಕುಳಿತರು. ನಾನು ಓಡಿಹೋಗಿ ಆ ಪಕ್ಷದ ಪುಢಾರಿಯನ್ನು ಹಿಡಿದು ಜಗಳ ಮಾಡಿದೆ. ಆ ಮನುಷ್ಯನಿಗೆ ನಾಚಿಕೆ ಅನ್ನುವುದು ಒಂದಿಷ್ಟೂ ಇರಲಿಲ್ಲ.

“ಎಂತ ಮಾರಾಯ ನೀನು,” ಎಂದ. “ಕರಕೊಂಡು ಬರುವುದು ನಮ್ಮ ಕೆಲಸ. ವಾಪಸು ಬಿಡುವುದು ಸೋತವರ ಕೆಲಸ. ಯಾರು ಸೋತದ್ದು ಅಂತ ಇನ್ನೂ ಗೊತ್ತಾಗಲಿಲ್ಲವಲ್ಲ.”

ಉಮ್ಮನ ಮಗನಿಗೆ ಬಂದರಿನಲ್ಲಿ ಒಣಮೀನಿನ ಅಂಗಡಿ. ಓಟಿನ ರಜೆಗೆ ಖಾಲಿ ನಿಂತಿದ್ದ ಅವನ ಎತ್ತಿನ ಗಾಡಿಯಲ್ಲಿ ಎಲ್ಲರನ್ನೂ ಕೂರಿಸಿ ಸುತ್ತುದಾರಿಯಲ್ಲಿ ಮನೆಗೆ ಮುಟ್ಟಿಸಿದೆವು.

ಎಣಿಕೆ

ಮೂರನೆಯ ಅರ್ಜಿಗೆ ಓವರ್‌ಸಿಯರರೇ ಬಂದರು. ರಸ್ತೆಯ ಬದಿಯ ಕಟ್ಟೆಯಲ್ಲಿ ಕೊಡೆ ಬಿಡಿಸಿ, ಪುಸ್ತಕ ತೆರೆದು, ದಿನಕ್ಕೆ ಎಷ್ಟು ಮುದುಕರು ಈ ಸಂಕ ದಾಟುತ್ತಾರೆ ಎಂದು ಎಣಿಸಲು ಕುಳಿತರು. ಹತ್ತರಿಂದ ಹನ್ನೆರಡರವರೆಗೆ ಒಬ್ಬರೂ ದಾಟಲಿಲ್ಲ.

ಆಚೆಯಿಂದ ಅಮ್ಮ ಕೂಗಿದರು: “ಸ್ವಾಮಿ, ಸಂಕ ಇಲ್ಲದೆ ದಾಟುವುದು ಹೇಗೆ?”

“ದಾಟುವವರೇ ಇಲ್ಲದೆ ಸಂಕ ಮಾಡುವುದು ಹೇಗೆ ಅಮ್ಮ?” ಎಂದು ಇವರು ಈಚೆಯಿಂದ ಕೂಗಿದರು.

ಎದ್ದು ಹೊರಡುವಾಗ ನಮ್ಮ ಓಣಿಯ ಕರಿನಾಯಿ ಬಾಲ ಎತ್ತಿಕೊಂಡು ಆ ಒಂಟಿ ಹಲಗೆಯ ಮೇಲೆ ದಾಟಿ ಬಂತು. ಓವರ್‌ಸಿಯರರು ಮತ್ತೆ ಕುಳಿತು ಬರೆದುಕೊಂಡರು. ಆಮೇಲೆ ವರದಿಯ ನಕಲು ನನ್ನ ಕೈಗೆ ಸಿಕ್ಕಿತು: ‘ವೃದ್ಧರು, ಇಲ್ಲ. ನಾಯಿ, ಒಂದು. ಸುಗಮವಾಗಿ ದಾಟಿದೆ.’

ಬೋರ್ಡು

ಅಮ್ಮನ ಹುಣ್ಣು ಆಗ ಪಾದದಿಂದ ಮೇಲೆ ಏರತೊಡಗಿತ್ತು. ಹೀಗೇ ಬಿಟ್ಟರೆ ಕಾಲನ್ನೇ ತೆಗೆಯಬೇಕಾಗುತ್ತದೆ ಎಂದು ಡಾಕ್ಟರರು ಹೇಳಿ ಕಳುಹಿಸಿದ್ದರು. ನಾನು ನಾಲ್ಕನೆಯ ಅರ್ಜಿಯಲ್ಲಿ ಪ್ರಾರ್ಥನೆಯನ್ನೆಲ್ಲ ಬಿಟ್ಟು ಬೈದೇ ಬರೆದೆ. ಯಾರಾದರೂ ಸತ್ತರೆ ನೀವೇ ಹೊಣೆ ಎಂದೆ. ಅದು ನಾಟಿತು. ಎಂಟೇ ದಿನದಲ್ಲಿ ಕೆಲಸದವರು ಬಂದರು, ರಸ್ತೆಯ ಬದಿಯಲ್ಲಿ ಎರಡು ಕಂಬ ನೆಟ್ಟು ಒಂದು ಬೋರ್ಡು ಹೊಡೆದು ಹೋದರು. ‘ಎಚ್ಚರಿಕೆ: ವೃದ್ಧರೂ ಅಶಕ್ತರೂ ಈ ಅಪಾಯಕಾರಿ ಕಾಲುಸಂಕವನ್ನು ದಾಟಕೂಡದು.’ ಸಂಕಕ್ಕೆ ಈ ಸಲ ಕೊಂಬು ಇರಲಿಲ್ಲ. ಇಡೀ ಆಜ್ಞೆ ಒಂದೇ ಸಾಲಿನಲ್ಲಿ ಹಿಡಿಯಬೇಕೆಂದು ಎಂಟು ಅಡಿ ಉದ್ದದ, ಎರಡು ಅಡಿ ಅಗಲದ, ದಪ್ಪನೆಯ ಹಲಸಿನ ಹಲಗೆ.

ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಉಮ್ಮ ಆಚೆಯ ದಡದಲ್ಲಿ ನಿಂತು ಆ ಬೋರ್ಡನ್ನು ತುಂಬ ಹೊತ್ತು ನೋಡಿದರು. ಅವರಿಗೆ ಓದಲು ಬಾರದು. ಹಾಗಾಗಿ ಅವರಿಗೆ ಕಂಡದ್ದು ಹಲಗೆ ಮಾತ್ರ.

ಆ ಸಂಜೆಯೇ ಉಮ್ಮನ ಮಗನೂ ನಾನೂ ಬೋರ್ಡನ್ನು ಬಿಚ್ಚಿ ಕಟ್ಟೆಯಿಂದ ಕಟ್ಟೆಗೆ ಮಲಗಿಸಿದೆವು. ಅಕ್ಷರದ ಮೇಲೆ ಕಾಲಿಡಬಾರದು ಎಂದು ಮಾಸ್ಟ್ರು ಹಟ ಹಿಡಿದದ್ದರಿಂದ ಬರಹದ ಬದಿಯನ್ನು ಕೆಳಗೆ ಮಾಡಿದೆವು. ಮರುದಿನ ಅಮ್ಮ ನನ್ನ ಕೈ ಹಿಡಿಯದೆ ದಾಟಿ ಆಸ್ಪತ್ರೆಗೆ ಹೋದರು. ಎರಡು ತಿಂಗಳಲ್ಲಿ ಹುಣ್ಣು ಒಣಗಿತು.

ಒಣಗಿದ ಮೇಲೆ ಓವರ್‌ಸಿಯರರು ಬೋರ್ಡಿನ ತಪಾಸಣೆಗೆ ಬಂದರು. ರಸ್ತೆಯ ಬದಿಯಲ್ಲಿ ಬರೀ ಕಂಬ ನಿಂತಿದ್ದವು. ಓಣಿಯವರನ್ನು ಕೇಳೋಣವೆಂದು ಸಂಕದ ನಡುವಿನವರೆಗೆ ಬಂದು ನಿಂತರು. “ಇಲ್ಲಿ ಇದ್ದ ನಮ್ಮ ಬೋರ್ಡು ಎಲ್ಲಿ?”

“ನಿಮ್ಮ ಕಾಲಡಿಯಲ್ಲಿಯೇ ಉಂಟು ಮಾರಾಯ್ರೆ,” ಎಂದರು ಓಣಿಯ ದಡದಲ್ಲಿ ಅಮ್ಮನ ಜೊತೆ ನಿಂತಿದ್ದ ಉಮ್ಮ.

ಓವರ್‌ಸಿಯರರು ಬಗ್ಗಿ ಹಲಗೆಯ ಅಡಿಯ ಅಕ್ಷರ ನೋಡಿದರು. ಮುಖ ಕೆಂಪಾಯಿತು. “ಇದು ಸರಕಾರಿ ಸೊತ್ತು. ಈ ಕ್ಷಣವೇ ತೆಗೆಯಬೇಕು. ನಾನು ನೋಡುತ್ತಿರುವಾಗಲೇ ತೆಗೆಯಬೇಕು.”

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗುಣವಾದ ಕಾಲನ್ನು ಕಟ್ಟೆಗೆ ಊರಿ, ಬಗ್ಗಿ ಹಲಗೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದರು.

“ಆಯಿತು ಸ್ವಾಮಿ, ತೆಗೀತೇನೆ,” ಎಂದರು. “ನೀವು ಅಲ್ಲೇ ನಿಂತುಕೊಂಡು ನೋಡಿ.”