ಬಿಡಿಬಿಡಿಯಾದ ಪ್ರವಾದಿಗಳು

ಎಣಿಸುವ ಚಟ ಇರುವವರನ್ನು ಗ್ರಂಥಾಲಯದೊಳಗೆ ಬಿಡಬಾರದು. ದಿನವೂ ಪತ್ರಿಕೆ ಓದಲು ಬರುತ್ತಿದ್ದ ನಿವೃತ್ತ ಮೇಷ್ಟ್ರು ಅವತ್ತು ಪತ್ರಿಕೆ ಬಿಟ್ಟು ಹೊಸ ಕಪಾಟಿನ ಪುಸ್ತಕಗಳನ್ನು ಎಣಿಸದೇ ಇದ್ದಿದ್ದರೆ, ಹಂಗಾಮಿಯ ನೌಕರಿ ಸಂಜೆಯೊಳಗೆ ಕಾಯಂ ಆಗಿರುತ್ತಿತ್ತು.

ಹಂಗಾಮಿ ಎಂಬುದು ಅವನ ಹೆಸರಲ್ಲ. ಹಂಗಾಮಿ ಸಹಾಯಕನಾಗಿ ಸೇರಿ, ತಲೆ ಅರ್ಧ ನರೆತರೂ ಹಾಗೆಯೇ ಉಳಿದದ್ದರಿಂದ ಹೆಂಡತಿ ಕೂಡ ಹಾಗೇ ಕರೆಯತೊಡಗಿದ್ದಳು. ಈ ಸಲ ಮೇಲ್ವಿಚಾರಕರು ಮಾತು ಕೊಟ್ಟಿದ್ದರು. ಯಹೂದಿ ಅಜ್ಜಿಯೊಬ್ಬರು ತೀರಿಹೋದ ಗಂಡನ ಧರ್ಮಗ್ರಂಥಗಳನ್ನು ಗ್ರಂಥಾಲಯಕ್ಕೆ ಕೊಟ್ಟಿದ್ದರು. ಮಧ್ಯಾಹ್ನ ಅಜ್ಜಿ ಬಂದು ನೋಡಿ ಮೆಚ್ಚಿದರೆ ಕಾಯಂ ಆದೇಶಕ್ಕೆ ಅಲ್ಲೇ ಸಹಿ.

ಪುಸ್ತಕಗಳು ಮೂರು ಪೆಟ್ಟಿಗೆಗಳಲ್ಲಿ ಬಂದಿದ್ದವು: ತೋರಾ ಎಂಬ ಧರ್ಮಶಾಸ್ತ್ರದವು ಐದು, ಪ್ರವಾದಿಗಳವು ಎಂಟು, ಉಳಿದ ಬರಹಗಳು ಹನ್ನೊಂದು. ಹಂಗಾಮಿ ತನ್ನ ತಲೆ ಓಡಿಸದೆ ಮೂರು ಪೆಟ್ಟಿಗೆಯನ್ನು ಮೂರು ಸಾಲಾಗಿ ಜೋಡಿಸಿದ್ದ. ಅಷ್ಟು ಬುದ್ಧಿವಂತಿಕೆ ಆಮೇಲೆ ಆ ಕಟ್ಟಡದಲ್ಲಿ ಯಾರೂ ತೋರಿಸಲಿಲ್ಲ.

"ಉಳಿದ ಹದಿನೈದು ಎಲ್ಲಯ್ಯಾ?" ಎಂದರು ಮೇಷ್ಟ್ರು.

"ಯಾವ ಹದಿನೈದು?"

"ಪಕ್ಕದ ಮನೆ ಕ್ರೈಸ್ತರ ಹತ್ರ ಇವೇ ಪುಸ್ತಕ ಇದಾವೆ. ಹಳೆಯ ಒಡಂಬಡಿಕೆ ಅಂತಾರೆ. ನಾನೇ ಎಣಿಸಿದೀನಿ, ಮೂವತ್ತೊಂಬತ್ತು. ಇಲ್ಲಿ ಇಪ್ಪತ್ತನಾಲ್ಕೇ ಇವೆ."

"ಬಂದಿದ್ದೇ ಇಷ್ಟು, ಮೇಷ್ಟ್ರೇ."

"ಕದ್ದವರೆಲ್ಲ ಹಾಗೇ ಹೇಳೋದು. ನಿನ್ನ ಕಳ್ಳ ಅಂತಿಲ್ಲಪ್ಪ, ಸುಮ್ನೆ ಮಾತಿಗೆ ಅಂದೆ."

ಮಾತಿಗೆ ಅಂದದ್ದು ಚಹಾ ಆರುವ ಮೊದಲೇ ಮೇಲ್ವಿಚಾರಕರ ಕಿವಿಗೆ ಬಿತ್ತು. ಮುದ್ರೆ ಒತ್ತುವುದಕ್ಕೆ ಬಿಟ್ಟರೆ ಬೇರೆ ಕಾರಣಕ್ಕೆ ಪುಸ್ತಕ ತೆರೆದವರಲ್ಲ ಅವರು. "ಮಧ್ಯಾಹ್ನದೊಳಗೆ ಮೂವತ್ತೊಂಬತ್ತು ಇರ್ಬೇಕು. ಇಲ್ಲಾಂದ್ರೆ ಪೊಲೀಸ್ರಿಗೆ ಹೇಳ್ತೀನಿ," ಎಂದರು.

ಹಂಗಾಮಿ ಕಪಾಟಿನತ್ತ ಧಾವಿಸಿದ. ಒಂದೊಂದೇ ಪುಸ್ತಕ ತೆರೆದವನಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ, "ಸಾರ್, ಯಾವುದೂ ಕಳೆದಿಲ್ಲ! ಹನ್ನೆರಡು ಸಣ್ಣ ಪ್ರವಾದಿಗಳು ಒಂದೇ ರಟ್ಟಿನೊಳಗೆ ಇದಾರೆ. ಸಮುವೇಲ ಎರಡು ಭಾಗಾನೂ ಒಂದೇ. ಅರಸುಗಳೂ ಹಾಗೇ, ಪೂರ್ವಕಾಲವೃತ್ತಾಂತಾನೂ ಹಾಗೇ. ಎಜ್ರ, ನೆಹೆಮೀಯ ಇಬ್ರೂ ಜೊತೇಲೇ ಇದಾರೆ," ಎಂದ.

"ಯಾರು ಹಾಗೆ ತುರುಕಿದ್ದು?"

"ಅವರ ಪದ್ಧತಿ ಇರ್ಬೇಕು ಸಾರ್."

"ಎಂಥಾ ಪದ್ಧತಿ! ಬೈಂಡಿಂಗ್ ಖರ್ಚು ಉಳಿಸಿದಾರೆ ಅಷ್ಟೇ. ಅಜ್ಜಿ ಬಂದು ಎಣಿಸಿದ್ರೆ ನಮ್ಮ ಮಾನ ಹೋಗುತ್ತೆ. ಎಲ್ಲಾ ಬಿಡಿಸಿ ಹಾಕಿಸು."

"ಕೊಟ್ಟಿದ್ದೇ ಅಜ್ಜಿ ಅಲ್ವಾ ಸಾರ್?"

"ನಿಂಗೆ ಕಾಯಂ ಆಗ್ಬೇಕೋ ಬೇಡ್ವೋ?"

ಎದುರು ರಸ್ತೆಯ ಬೈಂಡರ್ ಆ ಐದು ಪುಸ್ತಕಗಳನ್ನು ತಿರುಗಿಸಿ ತಿರುಗಿಸಿ ನೋಡಿದ. "ಇಂಥಾ ಹೊಲಿಗೆ ಬಿಚ್ಚೋಕೆ ಮನಸ್ಸೇ ಬರಲ್ಲ ಕಣಯ್ಯ," ಎನ್ನುತ್ತಲೇ ಬಿಚ್ಚಿದ. ಪುಣ್ಯಕ್ಕೆ ಒಬ್ಬೊಬ್ಬರೂ ಹೊಸ ಹಾಳೆಯಿಂದ ಶುರುವಾಗಿದ್ದರು. ಐದು ಇಪ್ಪತ್ತಾಯಿತು. ಓಬದ್ಯ ಎಂಬ ಪ್ರವಾದಿಯದಂತೂ ಎಲ್ಲಾ ಸೇರಿ ಎರಡೇ ಹಾಳೆ. ಒಳಗಿನ ಉಪದೇಶಕ್ಕಿಂತ ಮೇಲಿನ ರಟ್ಟೇ ದಪ್ಪ.

ಹಂಗಾಮಿ ಹಿಂದಿರುಗುವಷ್ಟರಲ್ಲಿ ಮೇಷ್ಟ್ರು ಸುಮ್ಮನಿರದೆ, ಪಕ್ಕದ ಮನೆಯವರ ಪುಸ್ತಕದಲ್ಲಿದ್ದಂತೆ, ಬರಹಗಳ ಸಾಲಿನಲ್ಲಿದ್ದ ದಾನಿಯೇಲನನ್ನು ಪ್ರವಾದಿಗಳ ಸಾಲಿಗೆ ಏರಿಸಿದ್ದರು. ದಾನಿಯೇಲನಿಗೆ ಅರ್ಜಿಯೇ ಇಲ್ಲದೆ ಬಡ್ತಿ ಸಿಕ್ಕಿದ್ದು ಕಂಡು ಹಂಗಾಮಿಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು. ಮೇಷ್ಟ್ರು ಹೊಸ ರಟ್ಟುಗಳನ್ನು ಒಂದೊಂದಾಗಿ ತೆಗೆದು ನೋಡಿ, "ಈಗ ಲೆಕ್ಕ ಸರಿಹೋಯ್ತು," ಎಂದು ಬೆನ್ನು ತಟ್ಟಿದರು.

ಅಜ್ಜಿ ಬಂದರು. ಮೊದಲು ದಾನಿಯೇಲನನ್ನು ತೆಗೆದು ಅವನ ಜಾಗಕ್ಕೆ ಇಟ್ಟರು. ಆಮೇಲೆ ಎರಡನೇ ಸಾಲಿನ ತೆಳ್ಳನೆಯ ಬೆನ್ನುಗಳ ಮೇಲೆ ಬೆರಳಾಡಿಸಿದರು. ಅವರ ಮುಖ ಸಣ್ಣಗಾಯಿತು.

"ನಮ್ಮ ಯಜಮಾನರು ಇಟ್ಟಿದ್ದು ಇಪ್ಪತ್ತನಾಲ್ಕು," ಎಂದರು.

"ಇವನದೇ ಕೆಲಸ ಅಮ್ಮಾ!" ಮೇಲ್ವಿಚಾರಕರು ಬೆರಳು ತೋರಿಸಿದರು. "ನನ್ನನ್ನ ಒಂದು ಮಾತೂ ಕೇಳ್ಲಿಲ್ಲ."

ಹಂಗಾಮಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಅಜ್ಜಿ ಬೈಯಲಿಲ್ಲ. "ಹೋಗಲಿ ಬಿಡಪ್ಪ. ಹನ್ನೆರಡನ್ನೂ ಒಟ್ಟಿಗೆ ಯಾಕೆ ಕಟ್ತಾರೆ ಗೊತ್ತಾ? ಬಿಡಿಯಾಗಿಟ್ರೆ ಸಣ್ಣವು ಕಳೆದುಹೋಗ್ತಾವೆ ಅಂತ ನಮ್ಮ ಹಿರಿಯರಿಗೆ ಭಯ. ಎಲ್ಲಾ ಇವೆ ತಾನೇ? ಮತ್ತೆ ಹೊಲಿಸಿದರಾಯ್ತು. ಎಣಿಸು."

ಹಂಗಾಮಿ ಎಣಿಸಿದ. ಹನ್ನೊಂದು. ಮತ್ತೆ ಎಣಿಸಿದ. ಓಬದ್ಯ ಇಲ್ಲ.

"ನೋಡಿ ಅಮ್ಮಾ, ಕಳ್ಳ ಅಂತ ನಾನು ಬೆಳಿಗ್ಗೆನೇ ಅಂದುಕೊಂಡೆ," ಎಂದು ಮೇಲ್ವಿಚಾರಕರು ಕಾಯಂ ಆದೇಶವನ್ನು ಮಡಚಿ ಜೇಬಿಗಿಟ್ಟರು. "ಅದು ಸಿಗೋವರೆಗೂ ನೀನು ಹಂಗಾಮಿನೇ."

ಹಂಗಾಮಿ ಕಪಾಟಿನ ಕೆಳಗೆ ತಲೆ ತೂರಿಸಿ ಧೂಳಿನಲ್ಲಿ ತಡಕಾಡುತ್ತಿದ್ದಾಗ ಮೇಷ್ಟ್ರು ಬಿಸಿಲಿನಲ್ಲಿ ಮನೆಯ ಕಡೆ ಹೊರಟಿದ್ದರು. ದಾರಿಯಲ್ಲಿ ಚಹಾ ಅಂಗಡಿಯವನು, "ಏನ್ ಮೇಷ್ಟ್ರೇ, ಒಳಗೆ ಗಲಾಟೆ?" ಎಂದು ಕೇಳಿದ.

"ಮತ್ತೆ ಯಾವುದೋ ಪುಸ್ತಕ ಕಳೆದಿದೆಯಂತೆ. ಈ ಕಾಲದಲ್ಲಿ ಯಾರನ್ನೂ ನಂಬೋ ಹಾಗಿಲ್ಲ ಬಿಡಪ್ಪ," ಎಂದ ಮೇಷ್ಟ್ರು, ಎರಡೇ ಹಾಳೆಯ ಆ ಹೊಸ ರಟ್ಟಿನಿಂದ ಹಾಯಾಗಿ ಗಾಳಿ ಬೀಸಿಕೊಳ್ಳುತ್ತಾ ಮುಂದೆ ನಡೆದರು.