ಹಾರ್ನ್ ಒತ್ತಿದರೆ ನಿಲ್ಲುವ ಕಾರಿನ ಕುರಿತು

ಗೃಹಾಡಳಿತ ವಿಭಾಗ
(ಅಡುಗೆಮನೆ ಕಿಟಕಿಯ ಪಕ್ಕದ ಮೇಜು)

ಸುತ್ತೋಲೆ ಸಂಖ್ಯೆ: ಗೃಆ/ಕಾರು/ನಿಂತದ್ದು/೧೭

ವಿಷಯ: ಮನೆಯಲ್ಲೇ ವಿದ್ಯುತ್ತಿಗೆ ಪರಿವರ್ತಿಸಿದ ಕಾರು ಹಾರ್ನ್ ಒತ್ತಿದೊಡನೆ ನಿಲ್ಲುತ್ತಿರುವ ಬಗ್ಗೆ ಹಾಗೂ ಬದಲಿ ಹಾರ್ನ್ ವ್ಯವಸ್ಥೆ ಕುರಿತು.

ಉಲ್ಲೇಖ: ೧) ಇದೇ ಕಾರಿನ ಬಗ್ಗೆ ಹೊರಡಿಸಿದ ಹಿಂದಿನ ಹದಿನಾರು ಸುತ್ತೋಲೆಗಳು (ಯಾರೂ ಓದಿಲ್ಲ). ೨) ಅತ್ತೆಯವರ ಮೌಖಿಕ ಅರ್ಜಿ.

ಬೀರು ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ಯಜಮಾನರು (ಇನ್ನು ಮುಂದೆ 'ಪರಿವರ್ತಕರು') ಹಳೆಯ ಕಾರಿನ ಎಂಜಿನ್ ಕಿತ್ತು, ಮೋಟಾರು ಮತ್ತು ಹದಿನಾರು ಬ್ಯಾಟರಿ ಕೂರಿಸಿ ಏಳು ತಿಂಗಳಾಗಿರುತ್ತದೆ. ಮಂಡಿನೋವಿನಿಂದ ಬಸ್ಸು ಹತ್ತಲಾರದ ಅತ್ತೆಯವರನ್ನು, ಊರಾಚೆ ಹಾಸಿಗೆ ಹಿಡಿದಿರುವ ಅವರ ಅಕ್ಕನ ಮನೆಗೆ ಇದೇ ಕಾರಿನಲ್ಲಿ ಕರೆದೊಯ್ಯುವುದಾಗಿ ಪರಿವರ್ತಕರು ಮಾತು ಕೊಟ್ಟಿರುತ್ತಾರೆ. ಅಕ್ಕತಂಗಿಯರು ಮುಖ ನೋಡಿ ಎರಡು ವರ್ಷವಾಗಿದೆ. ಬರುವ ಭಾನುವಾರ ಕೊನೆಯ ಗಡುವು. ತಪ್ಪಿದಲ್ಲಿ ಕಾರನ್ನು ಗುಜರಿಗೆ ಹಾಕಲು ಆದೇಶಿಸಲಾಗಿದೆ. ಕಾರು ಚೆನ್ನಾಗಿಯೇ ಓಡುತ್ತದೆ. ಆದರೆ ಹಾರ್ನ್ ಒತ್ತಿದರೆ ಮಾತ್ರ ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಆದುದರಿಂದ ಸಂಬಂಧಪಟ್ಟವರೆಲ್ಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:

೧. ಹಾರ್ನ್ ಒತ್ತುವುದನ್ನು ನಿಷೇಧಿಸಿದೆ. ಎದುರಿಗೆ ಯಾರಾದರೂ ಬಂದಲ್ಲಿ ಪರಿವರ್ತಕರು ಕೆಮ್ಮತಕ್ಕದ್ದು.

೨. ಕೆಮ್ಮು ಸಾಲದಿದ್ದಲ್ಲಿ, ನಿವೃತ್ತ ವ್ಯಾಯಾಮ ಶಿಕ್ಷಕಿಯಾದ ಅತ್ತೆಯವರು ಎಡಗಡೆಯ ಕಿಟಕಿಯಿಂದ ವಿಸಿಲ್ ಊದತಕ್ಕದ್ದು. ಒಂದು ಸಲ ಊದಿದರೆ ಸರಿಯಿರಿ ಎಂದು, ಎರಡು ಸಲ ಊದಿದರೆ ಬೇಗ ಸರಿಯಿರಿ ಎಂದು ಅರ್ಥ. ಮೂರು ಸಲ ಊದಿದಾಗ ದಾರಿಹೋಕರು ಸಾಲಾಗಿ ನಿಲ್ಲುತ್ತಿರುವುದು ಗಮನಕ್ಕೆ ಬಂದಿದ್ದು, ಮೂರನೆಯದನ್ನು ಕೈಬಿಡಲಾಗಿದೆ.

೩. ನಾಯಿಗಳು ಶಿಸ್ತಿಗೆ ಒಳಪಡದ ಕಾರಣ, ನಾಯಿ ಎದುರಾದಲ್ಲಿ ಅದರ ಅನುಕೂಲ ನೋಡಿಕೊಂಡು ಮುಂದುವರಿಯುವುದು. ಕಾರು ನಿಲ್ಲಿಸಲು ಬ್ರೇಕನ್ನೇ ಬಳಸತಕ್ಕದ್ದು, ಹಾರ್ನನ್ನಲ್ಲ.

೪. ಪಕ್ಕದ ಮನೆಯ ಟೀವಿ ರಿಪೇರಿಯವರು ಕಾಂಪೌಂಡಿನಾಚೆಯಿಂದಲೇ "ಬ್ಯಾಟರಿ ಹೋಗಿದೆ ಬಿಡಿ" ಎಂದು ವರದಿ ಸಲ್ಲಿಸಿರುತ್ತಾರೆ. ನಮ್ಮ ಗೋಡೆ ಗಡಿಯಾರ, ಟಾರ್ಚು ಮತ್ತು ಪರಿವರ್ತಕರ ಬಗ್ಗೆಯೂ ಅವರು ಇದೇ ಅಭಿಪ್ರಾಯ ನೀಡಿರುವುದರಿಂದ ವರದಿಯನ್ನು ಕಡತದಲ್ಲಿಟ್ಟು ಮರೆಯಲಾಗಿದೆ. ಹದಿನಾರೂ ಬ್ಯಾಟರಿಗಳನ್ನು ದಿನಾ ಮೀಟರ್ ಹಿಡಿದು ಪರೀಕ್ಷಿಸಲಾಗುತ್ತಿದ್ದು, ಈ ಮನೆಯಲ್ಲಿ ಅಷ್ಟು ಆರೋಗ್ಯ ಇನ್ಯಾರಿಗೂ ಇರುವುದಿಲ್ಲ.

೫. "ಇನ್ನೊಂದೇ ಒಂದು ತಂತಿ ಕಣೇ, ಮುಗೀತು" ಎಂಬ ಹೇಳಿಕೆಯನ್ನು ಪರಿವರ್ತಕರು ವಾರಕ್ಕೆ ಎರಡು ಬಾರಿ ಮಾತ್ರ ನೀಡತಕ್ಕದ್ದು. ಊಟದ ತಟ್ಟೆಯನ್ನು ಕಾರಿನಡಿಗೆ ತಳ್ಳುವ ಸೌಲಭ್ಯವನ್ನು ಹಿಂಪಡೆಯಲಾಗಿದೆ.

೬. ತಿದ್ದುಪಡಿ. ಇಷ್ಟು ಬರೆಯುವಷ್ಟರಲ್ಲಿ, ಪರಿವರ್ತಕರು ಕಾರಿನ ಪಕ್ಕ ತಲೆ ಮೇಲೆ ಕೈಹೊತ್ತು ಕೂತಿರುವುದು ಕಿಟಕಿಯಿಂದ ಕಂಡುಬಂದಿದ್ದು, ವಿಭಾಗದ ಕರುಳು ಚುರ್ರೆಂದಿರುತ್ತದೆ. ಹಿಂದೊಮ್ಮೆ ಇವರು ಕರೆಗಂಟೆಯ ತಂತಿ ಬಿಗಿಯುವ ಸ್ಕ್ರೂಗಳಿಗೂ ಬಣ್ಣ ಬಳಿದು, ಗಂಟೆ ಸದ್ದು ನಿಲ್ಲಿಸಿದ್ದನ್ನು ಅರಿಯದೆ, ಆರು ತಿಂಗಳು ಮನೆಗೆ ಯಾರೂ ಬರಲಿಲ್ಲವೆಂದು ಕೊರಗಿದ್ದು ಸಹಿದಾರರಿಗೆ ಆಗ ನೆನಪಾಗಿರುತ್ತದೆ. ಸ್ಥಳ ಪರಿಶೀಲನೆ ನಡೆಸಲಾಗಿ, ಹಾರ್ನಿಗೂ ಮೋಟಾರು ಸ್ವಿಚ್ಚಿಗೂ ಸೇರಿ ಇರುವ ಒಂದೇ ಅರ್ಥಿಂಗ್ ತಂತಿಯನ್ನು ಕಾರಿನ ಮೈಗೆ ಬಿಗಿದ ಬೋಲ್ಟಿನಡಿ ಮೂರು ಕೋಟು ನೀಲಿ ಬಣ್ಣ ಪತ್ತೆಯಾಗಿದೆ. ಬರಿ ತಗಡು ಕಂಡರೆ ಪರಿವರ್ತಕರ ಕೈ ಸುಮ್ಮನಿರುವುದಿಲ್ಲ. ಬಣ್ಣ ದಾಟಿ ಕರೆಂಟು ಹರಿಯುವುದಿಲ್ಲ. ಬೋಲ್ಟಿನ ಮರೆಯಲ್ಲಿ ಅಷ್ಟಿಷ್ಟು ನುಸುಳುತ್ತಿದ್ದುದನ್ನೂ ಹಾರ್ನೇ ನುಂಗಿಹಾಕಿ, ಮೋಟಾರು ಸ್ವಿಚ್ಚಿಗೆ ಏನೂ ಉಳಿಯದೆ ಕಾರು ನಿಲ್ಲುತ್ತಿತ್ತು.

ಬ್ಯಾಟರಿಯ ಮುಖ್ಯ ಪ್ಲಗ್ ಕಿತ್ತು ಸಕ್ಕರೆ ಡಬ್ಬಿಯಲ್ಲಿಟ್ಟು, ಬಳೆ ತೆಗೆದಿಟ್ಟು, ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ತಗಡು ಹೊಳೆಯುವವರೆಗೆ ಸಹಿದಾರರೇ ತಿಕ್ಕಿರುತ್ತಾರೆ. "ಅಯ್ಯೋ, ಬಣ್ಣ ಕಣೇ!" ಎಂಬ ಪರಿವರ್ತಕರ ಆಕ್ಷೇಪಣೆಯನ್ನು ತಳ್ಳಿಹಾಕಲಾಗಿದೆ. ಬಳಿಕ ಬೋಲ್ಟು ಬಿಗಿದು, ಪ್ಲಗ್ ಮರಳಿ ಸಿಕ್ಕಿಸಿ, ರಸ್ತೆಯ ತುದಿಯವರೆಗೂ ಹಾರ್ನ್ ಒತ್ತುತ್ತಲೇ ಹೋಗಿ ಬರಲಾಯಿತು. ಕಾರು ನಿಲ್ಲಲಿಲ್ಲ. ಪರಿವರ್ತಕರು ಕಣ್ಣೊರೆಸಿಕೊಂಡಿದ್ದು, ಬಣ್ಣದ ಪುಡಿ ಬಿತ್ತೆಂಬ ಅವರ ವಿವರಣೆಯನ್ನು ಮರುಮಾತಿಲ್ಲದೆ ಅಂಗೀಕರಿಸಲಾಗಿದೆ.

೭. ಆದ್ದರಿಂದ ಕಂಡಿಕೆ ೧ರಿಂದ ೩ ಹಾಗೂ ಗುಜರಿ ಆದೇಶವನ್ನು ರದ್ದುಪಡಿಸಿದೆ. ವಿಸಿಲ್ ಹಿಂದಿರುಗಿಸಲು ಅತ್ತೆಯವರು ನಿರಾಕರಿಸಿರುತ್ತಾರೆ.

ಸಹಿ/-
ಪತ್ನಿ, ಸೊಸೆ ಹಾಗೂ ಪ್ರಭಾರ ಮೇಲ್ವಿಚಾರಕಿ

ಪ್ರತಿಗಳು:
೧. ಪರಿವರ್ತಕರಿಗೆ, ಉಜ್ಜಿದ ಜಾಗಕ್ಕೆ ಮತ್ತೆ ಬಣ್ಣ ಹೊಡೆಯಬಾರದೆಂಬ ಎಚ್ಚರಿಕೆಯೊಂದಿಗೆ.
೨. ಟೀವಿ ರಿಪೇರಿಯವರಿಗೆ, ಮಾಹಿತಿಗಾಗಿ, ಅಭಿಪ್ರಾಯ ಬೇಡ.
೩. ಪಾತ್ರೆ ತೊಳೆಯುವ ಕಟ್ಟೆಗೆ, ಹೊಸ ನಾರು ಬರುವವರೆಗೆ ತಾಳ್ಮೆ ಕೋರಿ.
೪. ಅತ್ತೆಯವರ ಅಕ್ಕನವರಿಗೆ, ಹಾಸಿಗೆಯ ಪಕ್ಕದ ಕಿಟಕಿಯನ್ನು ಭಾನುವಾರ ತೆರೆದಿಡತಕ್ಕದ್ದು. ಗೇಟಿನ ಬಳಿ ಹಾರ್ನ್ ಕೇಳಿಸಿದಲ್ಲಿ ಕಾರು ಕೆಟ್ಟು ನಿಂತಿತೆಂದು ತಿಳಿಯದೆ, ತಂಗಿ ಬಂದಳೆಂದು ತಿಳಿಯತಕ್ಕದ್ದು.